‘ಳ’ ಇಲ್ಲದ ಕಡಲ್ಗಳ್ಳ

ನಾನು ಹೋದದ್ದು ಟೈಪು ಕಲಿಯಲು. ಕಾದಂಬರಿ ಬರೆಯುವ ಯೋಚನೆ ಕನಸಿನಲ್ಲೂ ಇರಲಿಲ್ಲ. ನಮ್ಮ ಜಿಲ್ಲೆ ಮದ್ರಾಸಿನಿಂದ ಮೈಸೂರಿಗೆ ಸೇರಿ ಒಂದೆರಡು ವರ್ಷವಾಗಿತ್ತು. ಇನ್ನು ಕಚೇರಿಗಳಲ್ಲೆಲ್ಲ ಕನ್ನಡವೇ ನಡೆಯುವುದು, ಕನ್ನಡ ಟೈಪು ಬಲ್ಲವರನ್ನು ಮನೆಗೇ ಬಂದು ಕರೆದುಕೊಂಡು ಹೋಗುತ್ತಾರೆ ಎಂದು ಯಾರೋ ಅಪ್ಪನ ತಲೆಗೆ ತುಂಬಿದ್ದರು. ಅಪ್ಪ ಸುಳ್ಯದ ಹತ್ತಿರ ಗದ್ದೆ ಮಾಡಿಕೊಂಡಿದ್ದವರು. ಸರ್ಕಾರದ ಮೊಹರು ಬಿದ್ದ ಕಾಗದ ಯಾವುದೇ ಇರಲಿ, ಅದನ್ನು ಸುರುಳಿ ಸುತ್ತಿ ಬಿದಿರಿನ ಕೊಳವೆಯಲ್ಲಿ ಇಡುತ್ತಿದ್ದರು. ಇಲಿ ಹೊಡೆಯುವ ಮದ್ದಿನ ಬಗ್ಗೆ ಹಂಚಿದ ಸೂಚನೆಯೂ ಅದರಲ್ಲಿತ್ತು. ಅಂಥವರಿಗೆ ಮಗಳು ಸರ್ಕಾರದ ಕಾಗದವನ್ನು ತಾನೇ ಹೊಡೆಯುತ್ತಾಳೆ ಎಂದರೆ ಕಡಿಮೆ ಮಾತೇ? ಹತ್ತೊಂಬತ್ತು ವರ್ಷದ ನನ್ನನ್ನು ಪುತ್ತೂರಿನ ಚಿಕ್ಕಮ್ಮನ ಮನೆಯಲ್ಲಿ ಬಿಟ್ಟು ಬಂದರು.

ಟೈಪಿನ ಶಾಲೆ ಇದ್ದದ್ದು ಪೇಟೆಯಲ್ಲಿ, ಹಗ್ಗ, ಕೊಡೆ, ಲಾಟೀನು ಮಾರುವ ಅಂಗಡಿಯ ಮಾಳಿಗೆಯ ಮೇಲೆ. ಯಂತ್ರಗಳು ಆರು. ಐದು ಇಂಗ್ಲಿಷಿನವು, ಒಂದೇ ಒಂದು ಕನ್ನಡದ್ದು. ಆ ಕನ್ನಡದ್ದಕ್ಕೆ ಗಿರಾಕಿಗಳು ಇಬ್ಬರೇ. ಮೂರರಿಂದ ನಾಲ್ಕು ಗಂಟೆ ನಾನು, ನಾಲ್ಕರಿಂದ ಐದು ಯಾರೋ ಒಬ್ಬ ಗಂಡಸು. ಅವರನ್ನು ನಾನು ನೋಡುವ ಹಾಗಿರಲಿಲ್ಲ. ಮಾಸ್ತರರ ಶಿಸ್ತು ಅಂಥದ್ದು. ಹೆಣ್ಣುಮಕ್ಕಳು ಐದು ನಿಮಿಷ ಮೊದಲೇ ಎದ್ದು ಹಿಂದಿನ ಮೆಟ್ಟಿಲಲ್ಲಿ ಇಳಿದು ಹಗ್ಗದ ಅಂಗಡಿಯೊಳಗಿಂದ ಬೀದಿಗೆ ಹೋಗಬೇಕು, ಗಂಡಸರು ಮುಂದಿನ ಮೆಟ್ಟಿಲು ಹತ್ತಬೇಕು.

ಮಾಸ್ತರರು ಹೊಡೆದದ್ದರ ಅರ್ಥವನ್ನು ಎಂದೂ ಓದಿದವರಲ್ಲ. ಅಡಿಕೋಲು ಹಿಡಿದು ಅಂಚು ಅಳೆಯುತ್ತಿದ್ದರು. ‘ಸದರಿ ವಿಷಯವಾಗಿ ತಮ್ಮ ಗಮನಕ್ಕೆ ತರುವುದೇನೆಂದರೆ’ ಎಂಬ ಸಾಲನ್ನು ನಾನು ಮೂರು ವಾರ ಹೊಡೆದೆ. ಗಮನಕ್ಕೆ ತರುವುದು ಏನೆಂದು ಮಾತ್ರ ಆ ಸಾಲು ಹೇಳುತ್ತಲೇ ಇರಲಿಲ್ಲ. ಕೊನೆಗೆ ಒಂದು ದಿನ ತಡೆಯಲಾರದೆ, “ಮಾಸ್ತ್ರೆ, ಇದಾದ ಮೇಲೆ ಎಂತ ಬರುದು?” ಎಂದು ಕೇಳಿದೆ.

“ಎಂತಾದ್ರೂ ಬರ್ಲಿ, ನಿಮ್ಗೆ ತೋಚಿದ್ದನ್ನು ಹೊಡೀರಿ. ದಿನಕ್ಕೆ ಎರಡು ಪುಟ. ಎಡದ ಅಂಚು ಮಾತ್ರ ಹತ್ತು ಅಕ್ಷರದಷ್ಟು ಬಿಡ್ಬೇಕು.”

ನನಗೆ ತೋಚಿದ್ದು ಕಡಲ್ಗಳ್ಳ. ಬಹುಶಃ ಹಿಂದಿನ ಮೆಟ್ಟಿಲು ಇಳಿಯುವಾಗ ದಿನವೂ ಮೂಗಿಗೆ ಬಡಿಯುತ್ತಿದ್ದ ಹಗ್ಗದ ವಾಸನೆ ಕಾರಣವಿರಬೇಕು. ನನ್ನ ಕಡಲ್ಗಳ್ಳ ಇಪ್ಪತ್ತು ವರ್ಷದವನು. ಅವನ ನೆರಳನ್ನು ಒಬ್ಬ ಮಾಂತ್ರಿಕ ಕದ್ದಿದ್ದ. ಅದನ್ನು ಹುಡುಕಿಕೊಂಡು ಅವನು ಮೂರು ಹಾಯಿಯ ಹಡಗಿನಲ್ಲಿ ದ್ವೀಪದಿಂದ ದ್ವೀಪಕ್ಕೆ ಅಲೆಯುತ್ತಾನೆ. ಒಂದು ದ್ವೀಪದಲ್ಲಿ ಮೀನುಗಳ ಭಾಷೆ ಬಲ್ಲ ರಾಜಕುಮಾರಿ ಸಿಗುತ್ತಾಳೆ. ಇಬ್ಬರಿಗೂ ಹೆಸರಿಡಲಿಲ್ಲ. ಹೆಸರು ಹುಡುಕುತ್ತಾ ಕೂತರೆ ವೇಗ ಕಡಿಮೆಯಾಗುತ್ತದೆ ಎಂದು ಮಾಸ್ತರರು ಅಪ್ಪಣೆ ಮಾಡಿದ್ದರು.

ತೊಂದರೆ ಆದದ್ದು ‘ಳ’ ಅಕ್ಷರದಿಂದ. ಆ ಕೀಲಿ ಮುರಿದುಹೋಗಿತ್ತು. ಮಂಗಳೂರಿಗೆ ಬರೆದಿದ್ದಾರೆ, ಬಿಡಿಭಾಗ ಬರಬೇಕು; ಅಲ್ಲಿಯವರೆಗೆ ಜಾಗ ಬಿಟ್ಟು ಹೊಡೆದು ಆಮೇಲೆ ಪೆನ್ನಿನಲ್ಲಿ ತುಂಬಬೇಕು. ಸರ್ಕಾರಿ ಅರ್ಜಿಗೆ ಇದು ದೊಡ್ಡ ಅಡ್ಡಿಯೇನೂ ಅಲ್ಲ. ಆದರೆ ಪ್ರೇಮಕಥೆಗೆ? ‘ಅವನು ಬಂದನು, ನಿಂತನು, ನಕ್ಕನು’ ಎಂದು ನನ್ನ ಕಡಲ್ಗಳ್ಳ ಸಲೀಸಾಗಿ ಓಡಾಡುತ್ತಿದ್ದ. ರಾಜಕುಮಾರಿಗೆ ಮಾತ್ರ ‘ಳ’ ಇಲ್ಲದೆ ಒಂದು ಹೆಜ್ಜೆ ಇಡಲಾಗುತ್ತಿರಲಿಲ್ಲ. ‘ಅವಳು ಬಂದಳು’ ಎಂದು ಹೊಡೆದರೆ ಕಾಗದದ ಮೇಲೆ ‘ಅವ ಬಂದ’ ಎಂದು ಮೂಡುತ್ತಿತ್ತು. ಅಂಚು ಅಳೆಯುವಾಗ ಮಾಸ್ತರರ ಕಣ್ಣು ಅಪ್ಪಿತಪ್ಪಿ ಒಂದು ಸಾಲಿನ ಮೇಲೆ ಬಿತ್ತು.

“ಇದರಲ್ಲಿ ಇಬ್ಬರೂ ಗಂಡಸರಾ?”

“ಅಲ್ಲ ಮಾಸ್ತ್ರೆ, ಒಬ್ಳು ರಾಜಕುಮಾರಿ. ‘ಳ’ ಇಲ್ಲ.”

“ಹಾಗಾದ್ರೆ ಸರಿ. ಬಲದ ಅಂಚು ಸ್ವಲ್ಪ ಓಡಿದೆ ನೋಡಿ.”

ಆ ದಿನ ಜಾಗಗಳನ್ನು ತುಂಬುವ ಮೊದಲೇ ನನ್ನ ಗಂಟೆ ಮುಗಿಯಿತು. ಪುಟವನ್ನು ಯಂತ್ರದಲ್ಲೇ ಮರೆತು ಇಳಿದೆ. ಮರುದಿನ ಬಂದು ನೋಡಿದರೆ ಪ್ರತಿಯೊಂದು ಖಾಲಿ ಜಾಗದಲ್ಲೂ ‘ಳ’ ಕೂತಿತ್ತು! ಹಸಿರು ಶಾಯಿ, ಮುದ್ದಾದ ದುಂಡು ಅಕ್ಷರ. ರಾಜಕುಮಾರಿ ಬಂದಿದ್ದಳು, ನಿಂತಿದ್ದಳು, ನಕ್ಕಿದ್ದಳು. ಪುಟದ ಕೆಳಗೆ ಅದೇ ಹಸಿರಿನಲ್ಲಿ ಒಂದು ಸಾಲು: ‘ಕಡಲ್ಗಳ್ಳರು ಇಷ್ಟು ಹೊತ್ತು ಕುತ್ತಿಗೆವರೆಗೆ ನೀರಿನಲ್ಲಿ ನಿಂತರೆ ಶೀತವಾಗುವುದಿಲ್ಲವೇ?’

ನಾಲ್ಕು ಗಂಟೆಯವರು! ನನಗೆ ಸಿಟ್ಟು ಬಂತು. ‘ಕಡಲ್ಗಳ್ಳರಿಗೆ ಶೀತವಾಗುವುದಿಲ್ಲ’ ಎಂದು ಒಂದೇ ಸಾಲು ಹೊಡೆದು ಯಂತ್ರದಲ್ಲಿ ಬಿಟ್ಟು ಹೋದೆ. ಮರುದಿನ ಅಲ್ಲಿ ಪೂರಾ ಒಂದು ಪುಟ ಕಾದಿತ್ತು. ಅದರಲ್ಲಿ ಕಡಲ್ಗಳ್ಳನಿಗೆ ಶೀತವಾಗಿ, ಅದು ಜ್ವರಕ್ಕೆ ತಿರುಗಿ, ಹದಿನಾರನೆಯ ಸಾಲಿನಲ್ಲಿ ಅವನು ಸತ್ತೇಹೋಗಿದ್ದ. ನಾನು ಸಂಜೀವಿನಿ ತರಿಸಿ ಬದುಕಿಸಿದೆ. ಅವರು ಸುಳಿಯಲ್ಲಿ ಮುಳುಗಿಸಿದರು. ನಾನು ತಿಮಿಂಗಿಲದ ಹೊಟ್ಟೆಯಿಂದ ಹೊರಗೆ ತಂದೆ. ಅವರು ತೆಂಗಿನಕಾಯಿ ಬೀಳಿಸಿದರು. ಹೀಗೆ ಎರಡು ತಿಂಗಳಲ್ಲಿ ಅವನು ಹನ್ನೊಂದು ಸಲ ಸತ್ತ. ರಾಜಕುಮಾರಿಗೆ ಮಾತ್ರ ಅವರ ಪುಟಗಳಲ್ಲಿ ಒಂದು ಮುಳ್ಳು ಕೂಡ ಚುಚ್ಚುತ್ತಿರಲಿಲ್ಲ. ನನ್ನ ಪುಟಗಳಲ್ಲಿ ನಾನು ಬಿಟ್ಟ ‘ಳ’ಗಳನ್ನು ಒಂದನ್ನೂ ತಪ್ಪಿಸದೆ ತುಂಬುತ್ತಿದ್ದರು. ನಾನೋ, ಪೆನ್ನು ಪಕ್ಕದಲ್ಲೇ ಇದ್ದರೂ ಒಂದು ‘ಳ’ವನ್ನೂ ತುಂಬದೆ ಎದ್ದು ಹೋಗುವುದನ್ನು ಅಭ್ಯಾಸ ಮಾಡಿಕೊಂಡೆ. ರಾಜಕುಮಾರಿ ಮೊದಲಿಗಿಂತ ಹೆಚ್ಚು ಮಾತಾಡತೊಡಗಿದಳು. ಹೇಳಿದಳು, ಕೇಳಿದಳು, ಅತ್ತಳು, ಅರಳಿದಳು.

ಅವರು ಕಥೆಗೆ ಸೇರಿಸಿದ್ದರಲ್ಲಿ ಒಂದು ಏಡಿಯೂ ಇತ್ತು. ಗದ್ದೆಯ ಏಡಿ, ತುಳು ಮಾತಾಡುವಂಥದ್ದು. ಕಡಲಿನಲ್ಲಿ ಗದ್ದೆಯ ಏಡಿ ಹೇಗೆ ಎಂದು ನಾನು ಕೇಳಿದ್ದಕ್ಕೆ, ‘ಹಡಗು ಈಗ ಕುಮಾರಧಾರೆ ಹೊಳೆಗೆ ಹತ್ತಿ ಕಡಬದ ದೋಣಿ ಕಡವಿಗೆ ಬಂದಿದೆ’ ಎಂದು ಹೊಡೆದಿಟ್ಟರು. ಅವರ ಊರು ಕಡಬ ಎಂದು ನನಗೆ ಗೊತ್ತಾದದ್ದು ಹಾಗೆ.

ಮೂರು ಹಾಯಿಯ ಹಡಗು ಹೊಳೆಗೆ ಹತ್ತುತ್ತದೋ ಇಲ್ಲವೋ? ಕೆಳಗಿನ ಹಗ್ಗದ ಅಂಗಡಿಯ ಸಾಹೇಬರನ್ನು ಕೇಳಿದೆ. ಅವರು ಬ್ಯಾರಿಗಳು, ಕರಾವಳಿಯ ಮುಸಲ್ಮಾನರು. ಪ್ರಾಯದಲ್ಲಿ ಹೆಂಚು ತುಂಬಿದ ಮಂಜಿಯಲ್ಲಿ, ಅಂದರೆ ಹಾಯಿ ಕಟ್ಟಿದ ಸರಕಿನ ದೋಣಿಯಲ್ಲಿ, ಮಂಗಳೂರಿನಿಂದ ಬೊಂಬಾಯಿಗೆ ಹೋಗಿದ್ದರೆಂದು ಪುತ್ತೂರಿಗೆಲ್ಲ ಗೊತ್ತಿತ್ತು.

“ಕಡಲು ಹೇಗೆ ಉಂಟು ಸಾಹೇಬ್ರೆ?”

ಅವರು ಹಗ್ಗ ಅಳೆಯುವುದನ್ನು ನಿಲ್ಲಿಸಿದರು. ನನ್ನನ್ನು ಅವರು ‘ಮೋಳೆ’, ಅಂದರೆ ಮಗಳೇ, ಎಂದೇ ಕರೆಯುತ್ತಿದ್ದರು. “ನಾನು ನೋಡ್ಲಿಲ್ಲ ಮೋಳೆ. ಹತ್ತುವಾಗ ವಾಂತಿ ಸುರು ಆದದ್ದು, ಇಳಿಯುವಾಗ ನಿಂತದ್ದು. ನಡುವೆ ಹೆಂಚಿನ ಎಡೆಯಲ್ಲಿ ಮಲಗಿದ್ದೆ. ಹೆಂಚಿನ ಬಗ್ಗೆ ಬೇಕಾದ್ರೆ ಎಷ್ಟು ಬೇಕಾದ್ರೂ ಹೇಳ್ತೇನೆ.”

ಅದರ ಮರುದಿನ ನನ್ನ ಕಡಲ್ಗಳ್ಳನ ಹಡಗಿನಲ್ಲಿ ಹೆಂಚು ತುಂಬಿತು.

ಅಷ್ಟರಲ್ಲಿ ಮಾಸ್ತರರು ಊರವರ ಅರ್ಜಿಗಳನ್ನು ನನ್ನ ಕೈಯಲ್ಲಿ ಹೊಡೆಸತೊಡಗಿದ್ದರು. ಒಂದು ದಿನ ಕಡಬದ ಕಡೆಯಿಂದ ಒಬ್ಬರು ಹಿರಿಯರು ಬಂದರು. ತಲೆಗೆ ಅಡಿಕೆ ಹಾಳೆಯ ಮುಟ್ಟಾಳೆ, ಹೆಗಲಿಗೆ ಶಾಲು. ಅವರ ಊರಿನ ಕಡವಿನಲ್ಲಿ ಹೊಳೆ ದಾಟಿಸಲು ಇದ್ದದ್ದು ಒಂದು ಸಣ್ಣ ದೋಣಿ. ಅದಕ್ಕೆ ಒಂದು ದನ ಹತ್ತಿದರೆ ಮನುಷ್ಯರು ಇಳಿಯಬೇಕು. ದೊಡ್ಡ ದೋಣಿ ಕೊಡಿಸಿ ಎಂದು ಸರ್ಕಾರಕ್ಕೆ ಅರ್ಜಿ. ನಾನು ಮೂರು ಪುಟ ಹೊಡೆದೆ. ಅರ್ಜಿಯಲ್ಲೂ ‘ಳ’ಗೆ ಜಾಗ ಬಿಟ್ಟಿದ್ದೆ, ಅಭ್ಯಾಸಬಲದಿಂದ ನಾಲ್ಕು ಗಂಟೆಯವರು ಅವನ್ನೂ ಹಸಿರಿನಲ್ಲಿ ತುಂಬಿದರು. ನನ್ನ ಕಥೆಯ ಆ ದಿನದ ಪುಟಗಳೂ ಅಲ್ಲೇ ಇದ್ದವು. ಮಾಸ್ತರರು ಎಲ್ಲವನ್ನೂ ಒಟ್ಟುಮಾಡಿ, ಅಂಚು ಅಳೆದು, ಒಂದು, ಎರಡು, ಮೂರು ಎಂದು ಜೋಡಿಸಿ ಹಿರಿಯರಿಗೆ ಕೊಟ್ಟರು. ಹಿರಿಯರು ಪುಟಪುಟಕ್ಕೂ ಸಹಿ ಹಾಕಿ ಕಚೇರಿಗೆ ಮುಟ್ಟಿಸಿದರು.

ಅವರು ಸಹಿ ಹಾಕಿದ ಎರಡನೆಯ ಪುಟ ನನ್ನ ಕಾದಂಬರಿಯದ್ದು.

ಇದು ತಿಳಿದದ್ದು ಒಂದೂವರೆ ತಿಂಗಳ ಮೇಲೆ, ಕಚೇರಿಯ ಉತ್ತರವನ್ನು ಹಿಡಿದುಕೊಂಡು ಹಿರಿಯರು ಮಾಳಿಗೆ ಹತ್ತಿ ಬಂದಾಗ. ಮಾಸ್ತರರು ಎಲ್ಲರೆದುರು ಅದನ್ನು ಗಟ್ಟಿಯಾಗಿ ಓದಿದರು.

‘ತಾವು ಕಡಬದ ಕಡವಿಗೆ ಕೋರಿರುವ ಮೂರು ಹಾಯಿಯ ಹಡಗಿನ ವಿಷಯವಾಗಿ ಈ ಕೆಳಗಿನ ವಿವರಗಳು ಬೇಕಾಗಿವೆ. ಒಂದು, ಹಡಗಿನ ಉದ್ದ ಅಗಲ. ಎರಡು, ನಲವತ್ತು ಫಿರಂಗಿಗಳ ಅವಶ್ಯಕತೆ ಏನು? ಮೂರು, ಬೇಡಿಕೆ ಈಡೇರದಿದ್ದಲ್ಲಿ ರಾಜಕುಮಾರಿಯನ್ನು ಹೊತ್ತೊಯ್ಯುವುದಾಗಿ ತಿಳಿಸಿದ್ದೀರಿ. ಸದರಿಯವರ ಒಪ್ಪಿಗೆ ಪತ್ರ ಲಗತ್ತಿಸಿಲ್ಲ. ಮುಂದಿನ ಬುಧವಾರ ಸ್ಥಳ ಪರಿಶೀಲನೆಗೆ ಅಧಿಕಾರಿಗಳು ಬರುವವರಿದ್ದು, ಅರ್ಜಿ ತಯಾರಿಸಿದವರೆಲ್ಲರೂ ಹಾಜರಿರತಕ್ಕದ್ದು.’

ಮಾಸ್ತರರು ಕಾಗದವನ್ನು ಬೆಳಕಿಗೆ ಹಿಡಿದು, “ಅಂಚು ಎಂಟೇ ಬಿಟ್ಟಿದ್ದಾರೆ” ಎಂದರು. ಹಿರಿಯರು ಮಾತ್ರ ಬೈಯಲಿಲ್ಲ. ಅವರ ಚಿಂತೆ ಬೇರೆ. “ಹಡಗೇ ಕೊಡ್ತೇವೆ ಅಂದ್ರೆ ಬೇಡ ಹೇಳುದಾ ಮಾರಾಯ್ರೆ? ಫಿರಂಗಿ ಬೇಡ. ದನಕ್ಕೆ ಹೆದರಿಕೆ ಆಗ್ತದೆ.”

ಬುಧವಾರ ಬೆಳಿಗ್ಗೆ ಪರೀಕ್ಷೆ ಇದೆ ಎಂದು ಚಿಕ್ಕಮ್ಮನಿಗೆ ಹೇಳಿ ಮಾಸ್ತರರ ಜೊತೆ ಕಡಬದ ಬಸ್ಸು ಹತ್ತಿದೆ. ಹೆಂಗಸರ ಸೀಟು ಮುಂದೆ. ಹಿಂದೆ ತಿರುಗಿ ನೋಡಿದರೆ ಮಾಸ್ತರರ ಪಕ್ಕದಲ್ಲಿ ಎಣ್ಣೆ ಹಾಕಿ ಕ್ರಾಪು ತೆಗೆದ ಒಬ್ಬರು ಯುವಕರು ಕೂತಿದ್ದರು. ಕೈಯ ಎರಡು ಬೆರಳು ಹಸಿರು. ನಾನು ಮುಂದೆ ತಿರುಗಿದೆ. ಉಪ್ಪಿನಂಗಡಿಯಲ್ಲಿ ಬಸ್ಸು ನಿಂತಾಗ ಅವರು ಇಳಿದು ನನ್ನ ಕಿಟಕಿಯ ಹತ್ತಿರ ಬಂದರು. ಮೂರು ತಿಂಗಳಿಗೂ ಹೆಚ್ಚು ಕಾಗದದಲ್ಲಿ ಜಗಳವಾಡಿದವರು ಮೊದಲ ಸಲ ಬಾಯಿಬಿಟ್ಟು ಆಡಿದ ಮಾತು ಇದು:

“ಚಾ ಕುಡೀತೀರಾ?”

“ನೀವು ಅವನನ್ನು ಯಾಕೆ ಕೊಲ್ಲುದು?” ಎಂದೆ ನಾನು.

ಅವರ ಕಿವಿ ಕೆಂಪಾಯಿತು. “ಅವ ಸಿಕ್ಕಾಪಟ್ಟೆ ಚಂದ ಉಂಟು. ನೀವೇ ಬರೆದದ್ದಲ್ವಾ, ಅಗಲ ಎದೆ, ಗುಂಗುರು ಕೂದಲು...” ಅಂದವರು ತಮ್ಮ ಸಪೂರ ಎದೆಯನ್ನು ಒಮ್ಮೆ ನೋಡಿಕೊಂಡರು. “ಅವ ಇರುವಷ್ಟು ದಿನ ಬೇರೆಯವರಿಗೆ ಎಂತ ಅವಕಾಶ?”

ಕಂಡಕ್ಟರ್ ಸೀಟಿ ಊದಿದ. ಉತ್ತರ ಕೊಡುವ ಕಷ್ಟ ತಪ್ಪಿತು. ಕಡಬ ಬರುವವರೆಗೂ ನಾನು ಹಿಂದಕ್ಕೆ ತಿರುಗಲಿಲ್ಲ. ಚಾಲಕನ ಕನ್ನಡಿಯಲ್ಲಿ ನೋಡಿದೆ.

ಕಡವಿನಲ್ಲಿ ಹಿರಿಯರು, ದೋಣಿಯವನು, ಊರಿನ ಹತ್ತಿಪ್ಪತ್ತು ಜನ ಕಾಯುತ್ತಿದ್ದರು. ಹಡಗು ಇವತ್ತೇ ಬರುತ್ತದೆ ಎಂದು ಸುದ್ದಿಯಾಗಿ ಕೆಲವರು ದನಗಳನ್ನೂ ಹೊಡೆದುಕೊಂಡು ಬಂದಿದ್ದರು. ಅಧಿಕಾರಿಗಳು ಘಟ್ಟದ ಮೇಲಿನವರು, ಮೈಸೂರು ಕಡೆಯಿಂದ ಹೊಸದಾಗಿ ವರ್ಗವಾಗಿ ಬಂದವರು. ಕರಾವಳಿ ಜಿಲ್ಲೆ ಎಂದ ಮೇಲೆ ಊರೂರಿಗೂ ಹಡಗು ಇರುತ್ತದೆ ಎಂದು ಅವರು ತಿಳಿದಿದ್ದರು. ಮೇಲಾಗಿ ಅರ್ಜಿಯ ತುಂಬ ಹಸಿರು ಶಾಯಿಯ ತಿದ್ದುಪಡಿ. ಹಸಿರಿನಲ್ಲಿ ಬರೆಯುವವರು ದೊಡ್ಡ ಅಧಿಕಾರಿಗಳೇ ತಾನೇ? ಯಾರೋ ಮೇಲಿನವರು ಆಗಲೇ ನೋಡಿ ಒಪ್ಪಿದ್ದಾರೆ ಎಂದು ಕಚೇರಿಯವರು ಅದನ್ನು ಅವಸರದ ಕಡತಕ್ಕೆ ಸೇರಿಸಿದ್ದರು. ಆ ಶಾಯಿಯ ಬಾಟಲಿ ನಾಲ್ಕು ಗಂಟೆಯವರಿಗೆ ಶಾಲೆಯಲ್ಲಿ ಗೋಣಿಚೀಲದ ಓಟಕ್ಕೆ ಬಹುಮಾನವಾಗಿ ಬಂದದ್ದು ಎಂದು ಅಲ್ಲಿ ಯಾರೂ ಹೇಳಲಿಲ್ಲ.

“ಏನ್ರೀ, ನೀರು ಎಷ್ಟು ಆಳ ಇದೆ?” ಅಧಿಕಾರಿಗಳು ದೋಣಿಯವನನ್ನು ಕೇಳಿದರು.

“ಯಾವಾಗ ಸ್ವಾಮಿ? ಈಗ ಮೊಣಕಾಲು. ಆಟಿ ತಿಂಗಳ ಮಳೆಯಲ್ಲಿ ತೆಂಗಿನಮರ.”

ಅವರು ‘ಮೊಣಕಾಲಿನಿಂದ ತೆಂಗಿನಮರದವರೆಗೆ’ ಎಂದು ಬರೆದುಕೊಂಡರು. ಫಿರಂಗಿಗಳನ್ನು ಹಿರಿಯರು ಸ್ವಂತ ಇಚ್ಛೆಯಿಂದ ಹಿಂದಕ್ಕೆ ಪಡೆದಿದ್ದಾರೆ ಎಂದು ಬರೆದುಕೊಂಡರು. ಏಡಿಯ ವಿಚಾರ ಓದಿ, “ಇದು ನಮ್ಮ ಇಲಾಖೆಗೆ ಬರಲ್ಲ” ಎಂದು ಗೀಟು ಎಳೆದರು. ನಾನು ಮುಂದೆ ಬಂದು, ಸ್ವಾಮಿ, ಇದು ಕಥೆ, ಪುಟ ಅದಲು ಬದಲಾದದ್ದು ಎಂದು ಹೇಳಿದೆ. ನಿಜವಾಗಿಯೂ ಹೇಳಿದೆ. ಅವರು ತಲೆಯೆತ್ತಿ, “ನೋಡಮ್ಮ, ಪುಟಕ್ಕೆ ಸಹಿ ಇದೆ. ಸಹಿ ಇದ್ದ ಮೇಲೆ ಕಥೆ ಹೇಗಾಗುತ್ತೆ?” ಎಂದು ಕೇಳಿದರು.

“ಈಗ ಮೂರನೇದು. ರಾಜಕುಮಾರಿ ಯಾರು?”

ಒಂದು ದನ ಕೆಮ್ಮಿತು. ಆಗ ನಾಲ್ಕು ಗಂಟೆಯವರು ನನ್ನ ಕಡೆಗೆ ಕೈ ತೋರಿಸಿ, ಅಷ್ಟು ಜನರೆದುರು, “ಇವರೇ ಸರ್” ಎಂದರು.

“ಹೊತ್ತೊಯ್ಯೋರು?”

“ನಾನು ಸರ್.” ಒಂದು ಕ್ಷಣ ತಡೆದು, “ಅವರು ಬೇಡ ಅಂದ್ರೆ ಇಲ್ಲ” ಎಂದು ಸೇರಿಸಿದರು.

ಅಧಿಕಾರಿಗಳು ಪೆನ್ನು ಎತ್ತಿಕೊಂಡು ನನ್ನ ಮುಖ ನೋಡಿದರು. “ಏನಮ್ಮ, ಒಪ್ಪಿಗೆ ಇದೆಯಾ?”

ನಗು ಬರುತ್ತಿತ್ತೋ ಅಳುವೋ ಗೊತ್ತಿಲ್ಲ. ಬಾಯಿಂದ ಬಂದದ್ದು ಒಂದೇ ಮಾತು: “ಯೋಚನೆ ಮಾಡ್ಬೇಕು.”

‘ರಾಜಕುಮಾರಿಯವರು ಖುದ್ದು ಹಾಜರಿದ್ದಾರೆ. ಒಪ್ಪಿಗೆಯ ವಿಷಯ ಪರಿಶೀಲನೆಯಲ್ಲಿದೆ’ ಎಂದು ಅವರು ಮಹಜರು ಬರೆದು ಓದಿ ಹೇಳಿದರು. ಹಿರಿಯರು ಸಹಿ ಹಾಕಿದರು, ದೋಣಿಯವನು ಹೆಬ್ಬೆಟ್ಟು ಒತ್ತಿದ. ಮಾಸ್ತರರು ಸಾಕ್ಷಿಯಾಗಿ ಸಹಿ ಹಾಕುವ ಮೊದಲು ಅಂಚನ್ನು ಗೇಣಿನಲ್ಲಿ ಅಳೆದರು. ಅಡಿಕೋಲು ಪುತ್ತೂರಿನಲ್ಲೇ ಉಳಿದಿತ್ತು.

ಇಲ್ಲಿಗೆ ಮುಗಿಯಬಹುದಿತ್ತು. ಹಿರಿಯರು ಮುಗಿಯಲು ಬಿಡಲಿಲ್ಲ. ಒಪ್ಪಿಗೆ ಪತ್ರ ಇಲ್ಲದೆ ಅರ್ಜಿ ಅರ್ಧದಲ್ಲಿ ನಿಂತರೆ ದೋಣಿಯ ಗತಿ ಏನು ಎಂಬುದು ಅವರ ಹೆದರಿಕೆ. ಮುಂದಿನ ವಾರವೇ ಮಹಜರಿನ ನಕಲು ಹಿಡಿದುಕೊಂಡು ಬಸ್ಸು ಬದಲಿಸಿ ಬದಲಿಸಿ ಸುಳ್ಯಕ್ಕೆ ಹೋಗಿ ನಮ್ಮ ಮನೆ ಹುಡುಕಿದರು. ನನ್ನನ್ನೂ ಅಪ್ಪ ಊರಿಗೆ ಕರೆಸಿದರು. ಹೊಡೆಯುತ್ತಾರೆ ಎಂದುಕೊಂಡು ಹೋದೆ. ಅಪ್ಪ ಜಗಲಿಯಲ್ಲಿ ಕೂತು, ಮೊಹರು ಬಿದ್ದ ಆ ಕಾಗದವನ್ನು ಮಡಿಲಲ್ಲಿಟ್ಟುಕೊಂಡು ನೇವರಿಸುತ್ತಿದ್ದರು.

“ಹುಡುಗ ನಮ್ಮವರೇ ಅಂತೆ, ಕೇಳಿದೆ,” ಎಂದರು. “ಆದ್ರೆ ನಾನು ನಿನ್ನನ್ನು ಒತ್ತಾಯ ಮಾಡುದಿಲ್ಲ. ಪರಿಶೀಲನೆಯಲ್ಲಿ ಉಂಟು ಅಂತ ಸರ್ಕಾರವೇ ಬರೆದದ್ದು. ಉತ್ತರ ಕೊಡ್ಲೇಬೇಕಲ್ಲ ಮಗ, ಹೌದು ಅಂತಲೋ ಅಲ್ಲ ಅಂತಲೋ.”

ನಾವು ಕೊಟ್ಟ ಬೆಲ್ಲ ನೀರನ್ನು ಗುಟುಕರಿಸುತ್ತಾ ಹಿರಿಯರು ನನ್ನನ್ನೇ ನೋಡುತ್ತಿದ್ದರು. ನಾನು ಎರಡು ದಿನ ತೆಗೆದುಕೊಂಡೆ. ಆ ಎರಡು ದಿನವೂ ಅವರು ನಮ್ಮ ಮನೆಯಲ್ಲೇ ಉಳಿದರು. ಮೂರನೆಯ ದಿನ ಬೆಳಿಗ್ಗೆ ಒಪ್ಪಿಗೆ ಬರೆದುಕೊಟ್ಟೆ. ಒಂದು ಷರತ್ತು ಹಾಕಿದೆ: ಕಡಲ್ಗಳ್ಳನನ್ನು ಇನ್ನು ಮುಂದೆ ಯಾವ ಕಾರಣಕ್ಕೂ ಕೊಲ್ಲತಕ್ಕದ್ದಲ್ಲ. ಹಿರಿಯರು ಅದನ್ನು ಕಚೇರಿಗೂ ಮುಟ್ಟಿಸಿದರು, ನಾಲ್ಕು ಗಂಟೆಯವರಿಗೂ ಮುಟ್ಟಿಸಿದರು. ಅವರು ಷರತ್ತಿನ ಕೆಳಗೆ ಹಸಿರಿನಲ್ಲಿ ಸಹಿ ಹಾಕಿ ಕಳಿಸಿದರು.

ಮಳೆಗಾಲಕ್ಕೆ ಮೊದಲು ಕಡವಿಗೆ ದೊಡ್ಡ ದೋಣಿ ಬಂತು. ಹಾಯಿ ಇಲ್ಲ, ಫಿರಂಗಿ ಇಲ್ಲ. ನಾಲ್ಕು ದನ ಒಟ್ಟಿಗೆ ಹಿಡಿಯುತ್ತಿತ್ತು. ನಮ್ಮ ಮದುವೆ ಅದೇ ವರ್ಷ ಆಯಿತು. ಇಬ್ಬರಿಗೂ ಟೈಪಿನ ಪರೀಕ್ಷೆ ಪಾಸಾಗಿ, ಅವರಿಗೆ ಪುತ್ತೂರಿನಲ್ಲಿ ಕೆಲಸ ಸಿಕ್ಕಿತು, ನನಗೆ ಆಮೇಲೆ.

ಮದುವೆಯಾದ ಮೇಲೆ ಕಥೆ ನೋಟುಬುಕ್ಕಿನಲ್ಲಿ ಮುಂದುವರಿಯಿತು. ಭಾನುವಾರ ಬೆಳಿಗ್ಗೆ ಕಡಬದ ಮನೆಯ ಚಾವಡಿಯಲ್ಲಿ ಕೂತು ಒಂದು ಪುಟ ನಾನು, ಒಂದು ಪುಟ ಅವರು. ಕೊಲ್ಲುವ ಹಾಗಿಲ್ಲವಾದ್ದರಿಂದ ಅವರು ಕಡಲ್ಗಳ್ಳನಿಗೆ ಹಲ್ಲುನೋವು ತರಿಸುತ್ತಿದ್ದರು. ಒಂದು ಭಾನುವಾರ ರಾಜಕುಮಾರಿಗೆ ಈಜು ಬರುತ್ತದೋ ಇಲ್ಲವೋ ಎಂದು ನಮ್ಮಿಬ್ಬರಿಗೆ ದೊಡ್ಡ ಜಗಳ ಹತ್ತಿತು. ಮೀನಿನ ಭಾಷೆ ಬಲ್ಲವಳಿಗೆ ಈಜು ಬರದಿರುತ್ತದೆಯೇ ಎಂದು ನಾನು, ಭಾಷೆ ಬೇರೆ ಈಜು ಬೇರೆ ಎಂದು ಅವರು. ಅತ್ತೆ ಅಲ್ಲೇ ಗೆರಸೆಯಲ್ಲಿ ಅಕ್ಕಿಯ ಕಲ್ಲು ಹೆಕ್ಕುತ್ತಿದ್ದರು. ಓದು ಬರದವರು, ನಾವು ಗಟ್ಟಿಯಾಗಿ ಓದುವುದನ್ನು ಮೊದಲಿನಿಂದಲೂ ಕೇಳುತ್ತಾ ಬಂದಿದ್ದರು. ಅಂದು ಮೊದಲ ಸಲ ಬಾಯಿ ಹಾಕಿದರು.

“ಈಜುದು ಮತ್ತೆ ಆಗ್ಲಿ. ಆ ಹುಡುಗಿಗೆ ಊಟ ಆಗಿದಾ?”

ಹಿಂದಿನ ಪುಟಗಳನ್ನು ತಿರುವಿ ಹಾಕಿದೆವು. ಮೂವತ್ತೊಂಬತ್ತು ಅಧ್ಯಾಯಗಳಲ್ಲಿ ಯಾರೂ ಒಂದು ತುತ್ತು ತಿಂದಿರಲಿಲ್ಲ. ಹಡಗಿನಲ್ಲಿ ಇದ್ದದ್ದು ಹೆಂಚು ಮಾತ್ರ.

“ಕಡಲ್ಗಳ್ಳನಿಗೂ ಆಗ್ಲಿಲ್ಲ ಅಮ್ಮ,” ಎಂದರು ಅವರು, ಸಣ್ಣ ಧ್ವನಿಯಲ್ಲಿ.

“ಸುಮ್ಮನೆ ಅಲ್ಲ ಅವ ಹಾಗೆ ಸಾಯುದು,” ಎಂದರು ಅತ್ತೆ. ಗೆರಸೆಯನ್ನು ಬದಿಗಿಟ್ಟು, ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡು, ಬೆರಳನ್ನು ಖಾಲಿ ಪುಟದ ಮೇಲಿಟ್ಟರು. “ಬರಿ. ಕುಚ್ಚಲಕ್ಕಿ ಗಂಜಿ. ಒಣಮೀನಿನ ಚಟ್ನಿ. ಇಬ್ಬರಿಗೂ ಹೊಟ್ಟೆ ತುಂಬ ಬಡಿಸ್ಬೇಕು. ಏಡಿಗೂ ಸ್ವಲ್ಪ ಹಾಕು.”

ನಾನು ಪೆನ್ನು ತೆಗೆದುಕೊಂಡೆ. ಅತ್ತೆ ಒಂದೊಂದಾಗಿ ಹೇಳುತ್ತಾ ಹೋದರು, ನಾನು ಬರೆಯುತ್ತಾ ಹೋದೆ.